ಓಡುತ್ತಿರೋದು ಯಾವುದು?

“ತಮ್ಮಾ, ಹೊಸಾ ಲ್ಯಾಪ್‌ಟಾಪು ಇಷ್ಟು ಲಗೂನ ಕೆಡ್ತೈತೇನಪಾ?”

ಕೊಟ್ಟೂರಿನ ನಮ್ಮ ಓಣಿಯಲ್ಲಿ ಮನೆ ಮನೆಗಳ ನಡುವೆ ಎದೆಮಟ್ಟದ ಗೋಡೆ. ಆಚೆ ಕಡೆ ಪಕ್ಕದ ಮನೆಯ ಅಕ್ಕ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಓಣಿಯಲ್ಲಿ ಸಾಫ್ಟ್‌ವೇರ್ ಕೆಲಸದವನು ಒಬ್ಬನಿದ್ದರೆ ಮೊಬೈಲು, ಟಿವಿ, ಪ್ರಿಂಟರು ಯಾವುದು ಕೈಕೊಟ್ಟರೂ ಮೊದಲ ಸುದ್ದಿ ಅವನಿಗೇ ಮುಟ್ಟುತ್ತದೆ. ನನಗೆ ಅದು ಇಷ್ಟದ ಸಂಗತಿಯೇ.

“ಏನ್ ಆತ್ರಿ ಅಕ್ಕಾ?”

“ನನಗೇನ್ ತಿಳಿತೈತಿ. ರಾತ್ರಿ ಸರಿಯಾಗಿ ಉಣ್ಣಲಿಲ್ಲ, ಮಕ್ಕೊಳ್ಳಲಿಲ್ಲ. ಮುಂಜಾನಿಂದ ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನಿ ಅನ್ನಾಕತ್ತಾನ. ಅಳಿಸೋದಂದ್ರ ನನಗ ಎದಿ ಝಲ್ಲಂತೈತಿ. ನೀನೊಮ್ಮೆ ನೋಡಪಾ.”

ಅಕ್ಕನ ಮಗ ಹೂವಿನಹಡಗಲಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ. 2007ರಲ್ಲಿ ಆ ಕಾಲೇಜು ಶುರುವಾಗುವ ತನಕ ನಮ್ಮ ಕಡೆಯವರು ಎಂಜಿನಿಯರಿಂಗ್ ಓದಬೇಕೆಂದರೆ ಬಳ್ಳಾರಿ, ದಾವಣಗೆರೆ, ಹೊಸಪೇಟೆ ಅಂತ ಗಂಟುಮೂಟೆ ಕಟ್ಟಬೇಕಿತ್ತು. ಈಗ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಮಕ್ಕಳೂ ಬಸ್ಸಿನಲ್ಲೇ ಹೋಗಿಬಂದು ಓದುವ ದಾರಿಯಾಗಿದೆ. ಈ ಹುಡುಗ ಅಲ್ಲೇ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಾನೆ, ರಜೆಗೆ ಊರಿಗೆ ಬರುತ್ತಾನೆ. ಅತ್ತೆಯದು ಮಲ್ಲಿಗೆ ತೋಟ. ಜಿಐ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಅದರ ಹಿಂದಿನ ದುಡಿಮೆ ಬೆಳಗಿನ ಜಾವದ ಕತ್ತಲಲ್ಲೇ ಶುರು. ಬಿಸಿಲೇರುವುದರೊಳಗೆ ಮೊಗ್ಗು ಬಿಡಿಸಿ, ತೂಕ ಹಾಕಿ, ಕಳಿಸಬೇಕು. ಯಾರು ಎಷ್ಟು ಬಿಡಿಸಿದರು, ಕೂಲಿ ಎಷ್ಟಾಯಿತು, ಹೂ ಒಯ್ದವರಿಂದ ಬರಬೇಕಾದ ಬಾಕಿ ಎಷ್ಟು ಎಂಬ ಲೆಕ್ಕವೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ, ಹಳೇ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಚದುರಿ ಬಿದ್ದಿರುತ್ತಿತ್ತು. ಆ ಲೆಕ್ಕವನ್ನು ಮೊಬೈಲಿನಲ್ಲಿ ಇಡುವ ಆ್ಯಪ್ ಒಂದನ್ನು ಇವನೂ ಇವನ ಗೆಳೆಯರೂ ಸೇರಿ ಪ್ರಾಜೆಕ್ಟ್ ಆಗಿ ತೆಗೆದುಕೊಂಡಿದ್ದಾರೆ. ಅಂಕಕ್ಕಾಗಿ ಮಾಡಿ ಮೂಲೆಗೆ ಎಸೆಯುವ ಪ್ರಾಜೆಕ್ಟುಗಳ ನಡುವೆ ಇಂಥದ್ದೊಂದು ನೋಡಿದರೆ ನನಗೆ ಜೀವ ಬಂದಂತಾಗುತ್ತದೆ.

ಹುಡುಗ ಲ್ಯಾಪ್‌ಟಾಪನ್ನು ಗೋಡೆಯ ಮೇಲೇ ತಂದಿಟ್ಟ.

“ಮಾಮಾ, ಮೊದ್ಲು ಚಲೋ ಓಡ್ತಿತ್ತು. ಇಲ್ಲಿ ಹಾಕ್ಕೊಂಡು ರೀಬಿಲ್ಡ್ ಮಾಡಿದ್ ಮ್ಯಾಲ ಡಿಬಗ್ಗರ್ ಕೆಲಸಾನ ಮಾಡವಲ್ದು. ಕೆಂಪು ಚುಕ್ಕಿ ಇಟ್ಟಲ್ಲಿ ನಿಲ್ಲಂಗಿಲ್ಲ.”

ಓದುಗರಲ್ಲಿ ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಪ್ರೋಗ್ರಾಂ ಬರೆಯುವ ಉಪಕರಣದಲ್ಲಿ, ಇವನ ಪಾಲಿಗೆ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ, ಯಾವುದಾದರೂ ಸಾಲಿನ ಪಕ್ಕ ಒತ್ತಿದರೆ ಕೆಂಪು ಚುಕ್ಕೆ ಮೂಡುತ್ತದೆ. ಆ್ಯಪ್ ಓಡುತ್ತಾ ಓಡುತ್ತಾ ಆ ಸಾಲಿಗೆ ಬಂದಾಗ ಗಕ್ಕನೆ ನಿಲ್ಲಬೇಕು. ಆಗ ಯಾವ ಲೆಕ್ಕ ಎಷ್ಟಾಗಿದೆ ಎಂದು ಒಳಗೆ ಇಣುಕಿ ನೋಡಬಹುದು. ಡಿಬಗ್ಗರ್ ಎಂದರೆ ಇದೇ, ತಪ್ಪು ಹುಡುಕುವವನ ಕಣ್ಣು. ಇವನಿಗೆ ಅತ್ತೆಯ ಬಾಕಿ ಕೂಡಿಸುವ ಸಾಲಿನಲ್ಲಿ ನಿಲ್ಲಬೇಕಿತ್ತು. ನಿಲ್ಲುತ್ತಿರಲಿಲ್ಲ.

“ಒಮ್ಮೆನೂ ನಿಂತಿಲ್ಲೇನು?”

“ಒಂದೊಂದು ಸಲ ನಿಲ್ತೈತ್ರಿ. ಅಲ್ಲಿಂದ ಒಂದು ಸಾಲು ಮುಂದ ಒತ್ತಿದ್ರ ಖಾಲಿ ಸಾಲಿನ ಮ್ಯಾಲ ಹೋಗಿ ಕುಂದರತೈತಿ. ಒಮ್ಮೆ ಕಾಮೆಂಟಿನ ಮ್ಯಾಲ ನಿಂತಿತ್ತು. ಸ್ಟುಡಿಯೋಕ್ಕ ತಲಿ ಕೆಟ್ಟೈತಿ.”

ಅವನು ಮಾಡಿದ ಉಪಚಾರಗಳ ಪಟ್ಟಿ ಉದ್ದವಿತ್ತು. ಕ್ಲೀನ್ ಮಾಡಿದ್ದ, ರೀಬಿಲ್ಡ್ ಮಾಡಿದ್ದ, ಇನ್‌ವ್ಯಾಲಿಡೇಟ್ ಕ್ಯಾಶಸ್ ಒತ್ತಿದ್ದ, ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದ್ದ, ಆ್ಯಪ್ ಕಟ್ಟುವ ಗ್ರೇಡಲ್ ಎಂಬ ಉಪಕರಣದ ಫೋಲ್ಡರನ್ನೇ ಕಿತ್ತು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಎಲ್ಲವನ್ನೂ ಮತ್ತೆ ಇಳಿಸಿಕೊಂಡಿದ್ದ. ಸ್ಟುಡಿಯೋ ತೆಗೆದು ಹಾಕುವುದು, ಅದಕ್ಕೂ ಬಗ್ಗದಿದ್ದರೆ ವಿಂಡೋಸ್ ಫಾರ್ಮ್ಯಾಟ್ ಹೊಡೆಯುವುದು ಮುಂದಿನ ಯೋಜನೆ. ಅಕ್ಕನ ಎದೆ ಝಲ್ಲೆಂದದ್ದು ಸರಿಯಾಗಿಯೇ ಇತ್ತು.

ಈ ಹುಡುಗರಿಗೆ ನಾನು ಸದಾ ಹೇಳುವುದು ಒಂದೇ. ಸಿಟ್ಟಿಗೆ ಎಲ್ಲವನ್ನೂ ಕಿತ್ತು ಹಾಕಿದರೆ ಒಮ್ಮೊಮ್ಮೆ ರೋಗ ವಾಸಿಯಾಗುತ್ತದೆ, ಆದರೆ ರೋಗ ಏನಿತ್ತು ಅಂತ ಜನ್ಮದಲ್ಲಿ ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಕಿತ್ತು ಹಾಕುವುದೇ ಗತಿ. ಅದರಲ್ಲೂ ಇವನು ತಾನೇ ಒಂದು ದೊಡ್ಡ ಸುಳಿವು ಕೊಟ್ಟಿದ್ದ. ಖಾಲಿ ಸಾಲಿನ ಮೇಲೆ ನಿಲ್ಲುತ್ತದೆ ಎಂದ. ಖಾಲಿ ಸಾಲಿನಲ್ಲಿ ಓಡಿಸುವುದಕ್ಕೆ ಏನೂ ಇರುವುದಿಲ್ಲ. ಡಿಬಗ್ಗರ್ ಅಲ್ಲಿ ನಿಂತಿದೆ ಎಂದರೆ ಓಡುತ್ತಿರುವ ಆ್ಯಪಿನ ಲೆಕ್ಕದಲ್ಲಿ ಆ ನಂಬರಿನ ಸಾಲಿನಲ್ಲಿ ಏನೋ ಇದೆ. ಅಂದರೆ ಪರದೆಯ ಮೇಲೆ ನಾವು ನೋಡುತ್ತಿರುವ ಬರಹ ಬೇರೆ, ಮೊಬೈಲಿನಲ್ಲಿ ಓಡುತ್ತಿರುವುದು ಬೇರೆ. ಉಪಕರಣದ ತಲೆ ನೆಟ್ಟಗೇ ಇದೆ. ಅದು ಹಳೆಯದರ ಸಾಲಿನ ನಂಬರನ್ನು ಹೊಸದರ ಮೇಲೆ ತೋರಿಸುತ್ತಿದೆ, ಅಷ್ಟೇ.

“ಈಗ ಮೊದ್ಲು ಒಂದು ಕೆಲಸ ಮಾಡು. ಆ್ಯಪ್ ತೆರೆದ ಕೂಡಲೇ ಮೇಲೆ ‘ಹೂವಿನ ಲೆಕ್ಕ’ ಅಂತ ಬರ್ತದಲ್ಲ, ಅದನ್ನ ‘ಹೂವಿನ ಲೆಕ್ಕ ಎರಡು’ ಅಂತ ಮಾಡು. ರೀಬಿಲ್ಡ್ ಮಾಡಿ ಮೊಬೈಲಿನಾಗ ನೋಡು.”

ನೋಡಿದೆವು. ಮೊಬೈಲಿನಲ್ಲಿ ಹಳೆಯ ‘ಹೂವಿನ ಲೆಕ್ಕ’ವೇ ಇತ್ತು.

ಕಂಪ್ಯೂಟರಿನ ಕಸುಬಿನಲ್ಲಿ ಇದು ಬಹಳ ಹಳೆಯ ನೋವು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬ ಎಂಜಿನಿಯರ್ ಇದ್ದರು. ಒಂದು ದಿನ ಅವರ ಕೋಣೆಗೆ ಸ್ಟೀವ್ ಜಾನ್ಸನ್ ಹಣೆಬರಹವನ್ನು ಬೈಯುತ್ತಾ ಬಂದರಂತೆ. ‘ಯಾಕ್’ ಎಂಬ ಹೆಸರಾಂತ ಉಪಕರಣ ಬರೆದ ಜಾನ್ಸನ್ ಇವರೇ. ಮುಂಜಾನೆಯಿಂದ ಅವರು ತಪ್ಪು ಹುಡುಕುತ್ತಾ ಕೂತದ್ದು ತಪ್ಪೇ ಇಲ್ಲದ ಪ್ರೋಗ್ರಾಮಿನಲ್ಲಿ. ತಪ್ಪನ್ನು ಆಗಲೇ ತಿದ್ದಿಯಾಗಿತ್ತು, ಆದರೆ ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡುವುದು ಬಿಟ್ಟುಹೋಗಿತ್ತು. ಓಡುತ್ತಿದ್ದದ್ದು ಹಳೆಯದು. ಫೆಲ್ಡ್‌ಮನ್ನರಿಗೂ ಹಿಂದಿನ ಸಂಜೆ ಇಂಥದ್ದೇ ಗೋಳು ಆಗಿತ್ತು. ಅದರಿಂದ ಹುಟ್ಟಿದ್ದು ‘ಮೇಕ್’. ಫೈಲುಗಳ ಮೇಲಿನ ದಿನ, ಗಂಟೆ, ನಿಮಿಷ ನೋಡಿ, ಬರೆದದ್ದು ಹೊಸದು, ಅದರಿಂದ ತಯಾರಾದದ್ದು ಹಳೆಯದು ಎಂದಿದ್ದರೆ ಅಷ್ಟನ್ನು ಮಾತ್ರ ಮತ್ತೆ ಕಟ್ಟುವ ಉಪಕರಣ. ಇಂದು ನಾವು ಬಳಸುವ ಬಿಲ್ಡ್ ಉಪಕರಣಗಳ ಹಿರಿಯಣ್ಣ ಅದು. 2003ರಲ್ಲಿ ಅದಕ್ಕಾಗಿ ಫೆಲ್ಡ್‌ಮನ್ನರಿಗೆ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಬಂತು. (ಹಳೇ ಡೆಸ್ಕ್‌ಟಾಪುಗಳಲ್ಲಿ ಒಳಗಿನ ಗುಂಡಿ ಸೆಲ್ಲು ಸತ್ತು ತಾರೀಖು ಹಿಂದಕ್ಕೆ ಓಡಿದ್ದರೆ ಈ ‘ಮೇಕ್’ ಕೂಡ ದಾರಿ ತಪ್ಪುತ್ತದೆ. ಲ್ಯಾಬಿನ ಹಳೇ ಯಂತ್ರಗಳಲ್ಲಿ ಮೊದಲು ಗಡಿಯಾರ ನೋಡಿ ಅನ್ನುವುದು ಅದಕ್ಕೇ.) ಜಾನ್ಸನ್ನರಂಥ ಘಟಾನುಘಟಿಗಳೇ ಇದಕ್ಕೆ ಅರ್ಧ ದಿನ ಕಳೆದುಕೊಂಡಿರುವಾಗ ಕೊಟ್ಟೂರಿನ ಹುಡುಗ ಒಂದು ರಾತ್ರಿ ನಿದ್ದೆಗೆಟ್ಟದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಕ್ಕ ಮೊರ ಕೆಳಗಿಟ್ಟು ಕೇಳಿಸಿಕೊಳ್ಳುತ್ತಿದ್ದರು. “ಅಲ್ಲಪಾ, ಹೊಸದು ಕಟ್ಟಿದ್ ಮ್ಯಾಲೂ ಹಳೇದು ಹೆಂಗ ಉಳಿತೈತಿ?”

ಅದಕ್ಕೆ ನಮ್ಮ ಜಿಲ್ಲೆಯನ್ನೇ ತೋರಿಸಿದೆ. 1953ರ ಅಕ್ಟೋಬರ್ 1ರ ತನಕ ನಾವೆಲ್ಲ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯವರು, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿಯವರು. ಹರಪನಹಳ್ಳಿಯವರಂತೂ ಇನ್ನೂ ತಿರುಗಾಡಿದ್ದಾರೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅತ್ತ ಹೋದರು, ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯಕ್ಕಾಗಿ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿದರು, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಗೆ ಬಂದರು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಇಷ್ಟೆಲ್ಲ ಆದರೂ ಹರಪನಹಳ್ಳಿಯ ಪಿನ್‌ಕೋಡ್ ಮಾತ್ರ ಕದಲಲಿಲ್ಲ. ದಾವಣಗೆರೆಯ ಪಿನ್ 577ರಿಂದ ಶುರುವಾದರೆ, ಆ ಜಿಲ್ಲೆಯಲ್ಲಿದ್ದಷ್ಟು ವರ್ಷವೂ ಹರಪನಹಳ್ಳಿ ಬಳ್ಳಾರಿ ಕಡೆಯ 583ರಲ್ಲೇ ಉಳಿಯಿತು. 2011ರ ಜನಗಣತಿಯ ಪಟ್ಟಿ ಹಿಡಿದು ಯಾರಾದರೂ ಒಂದು ಅರ್ಜಿ ನಮೂನೆಯ ಆ್ಯಪ್ ಮಾಡಿದರೆ ಅದರಲ್ಲಿ ವಿಜಯನಗರ ಜಿಲ್ಲೆ ಇರುವುದಿಲ್ಲ, ಕೊಟ್ಟೂರು ತಾಲ್ಲೂಕು ಇರುವುದಿಲ್ಲ, ಹರಪನಹಳ್ಳಿ ಹುಡುಕಬೇಕಾದರೆ ದಾವಣಗೆರೆಯನ್ನು ಒತ್ತಬೇಕು. ಊರು ಇದ್ದಲ್ಲೇ ಇದೆ, ಜನ ಇದ್ದಲ್ಲೇ ಇದ್ದಾರೆ. ಜಿಲ್ಲೆಯನ್ನು ಹೊಸದಾಗಿ ಕಟ್ಟಿದ್ದು ನಿಜ, ಆದರೆ ಹಳೆಯ ಪಟ್ಟಿ ಎಲ್ಲೆಲ್ಲಿ ಅಚ್ಚಾಗಿ ಕೂತಿದೆಯೋ ಅಲ್ಲೆಲ್ಲ ಹಳೆಯದೇ ನಡೆಯುತ್ತದೆ.

“ಹೌದು ಬಿಡು. ನಮ್ಮ ಕಾಗದದಾಗೂ ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ ಅಂತನ ಐತಿ,” ಎಂದರು ಅಕ್ಕ.

ಪ್ರೋಗ್ರಾಮಿಗೂ ಹೀಗೇ ಹಲವು ಕಡೆ ನಕಲುಗಳಿರುತ್ತವೆ. ನಾವು ಬರೆದ ಮೂಲ ಒಂದು, ಬಿಲ್ಡ್ ಫೋಲ್ಡರಿನಲ್ಲಿ ತಯಾರಾದದ್ದು ಇನ್ನೊಂದು, ಕ್ಯಾಶ್‌ನಲ್ಲಿ ಮತ್ತೊಂದು, ಮೊಬೈಲಿನಲ್ಲಿ ಕೂತದ್ದು ಮಗದೊಂದು. ರೀಬಿಲ್ಡ್ ಎಂದರೆ ಎರಡನೆಯದು ಮಾತ್ರ ಹೊಸದಾಗುತ್ತದೆ. ನಾಲ್ಕನೆಯದು ತಾನಾಗಿ ಬದಲಾಗುವುದಿಲ್ಲ.

“ರನ್ ಒತ್ತಿದಾಗ ಏನಾದ್ರೂ ಕೇಳಿತೇನು?” ಅಂದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಕೇಳ್ತೈತ್ರಿ ಮಾಮಾ. ಹಳೇ ಆ್ಯಪ್ ತೆಗೆದು ಹಾಕ್ಲಾ ಅಂತೈತಿ. ನಾ ಕ್ಯಾನ್ಸಲ್ ಒತ್ತೀನಿ. ಅದರಾಗ ಅತ್ತಿ ಲೆಕ್ಕ ಎಲ್ಲಾ ಐತಲ್ರಿ, ಬ್ಯಾಸಿಗಿಯಿಂದ ಹಾಕಿದ್ದು. ಆಮ್ಯಾಲ ಮೊಬೈಲಿನಾಗ ಐಕಾನ್ ಒತ್ತಿ ಆ್ಯಪ್ ತಗದು, ಇಲ್ಲಿಂದ ಡಿಬಗ್ಗರ್ ಅದಕ್ಕ ಜೋಡಿಸ್ತೀನಿ.”

ಅಲ್ಲಿಗೆ ಗಂಟು ಬಿಚ್ಚಿತು. ಕ್ಯಾನ್ಸಲ್ ಒತ್ತಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವನು ಬೇರೆ ಏನನ್ನು ಮರೆತರೂ ಅತ್ತೆಯ ಲೆಕ್ಕವನ್ನು ಮರೆಯಲಿಲ್ಲ. ಕೆಳಗೆ ಕೆಂಪಕ್ಷರದಲ್ಲಿ ‘ಇನ್‌ಸ್ಟಾಲ್ ಫೇಲ್ಡ್ ಅಪ್‌ಡೇಟ್ ಇನ್‌ಕಂಪ್ಯಾಟಿಬಲ್’ ಎಂದು ಬಂದದ್ದನ್ನು ಮಾತ್ರ ಅವನು ಓದಿರಲಿಲ್ಲ. ನಮ್ಮ ಮಕ್ಕಳಿಗೆ ಕೆಂಪಕ್ಷರದ ಇಂಗ್ಲಿಷ್ ಕಂಡರೆ ಬೈಗುಳ ಕೇಳಿದ ಹಾಗೆ ಮುಖ ತಿರುಗಿಸುವ ಅಭ್ಯಾಸವಾಗಿಬಿಟ್ಟಿದೆ. ಕಾರಣ ಇರುವುದೇ ಅಲ್ಲಿ.

ಆಂಡ್ರಾಯ್ಡ್ ಮೊಬೈಲಿಗೆ ಹಾಕುವ ಪ್ರತಿ ಆ್ಯಪಿಗೂ ಒಂದು ಸಹಿ ಇರಬೇಕು. ಅದೇ ಹೆಸರಿನ ಹೊಸ ಆವೃತ್ತಿ ಬಂದಾಗ ಮೊಬೈಲು ಹಳೆಯದರ ಸಹಿ, ಹೊಸದರ ಸಹಿ ತಾಳೆ ನೋಡುತ್ತದೆ. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಬಿಟ್ಟರೆ ಯಾರು ಬೇಕಾದರೂ ಬ್ಯಾಂಕಿನ ಆ್ಯಪಿನ ವೇಷದಲ್ಲಿ ಬಂದು ಒಳಗಿನ ದತ್ತಾಂಶ ಓದಿಬಿಡಬಹುದಲ್ಲ. ನಾವು ಅಭ್ಯಾಸಕ್ಕೆ ಬರೆಯುವ ಆ್ಯಪಿಗೆ ಸ್ಟುಡಿಯೋ ತಾನೇ ಒಂದು ಸಹಿ ಹಾಕಿಕೊಡುತ್ತದೆ. ಅದರ ಕೀಲಿ ಪ್ರತಿ ಕಂಪ್ಯೂಟರಿನಲ್ಲೂ ಮೊದಲ ಸಲ ಬಿಲ್ಡ್ ಮಾಡಿದಾಗ ಹುಟ್ಟುತ್ತದೆ. ನಮ್ಮ ಹೆಸರಿನ ಫೋಲ್ಡರಿನೊಳಗೆ ‘.ಆಂಡ್ರಾಯ್ಡ್’ ಎಂಬುದರಲ್ಲಿ ‘ಡಿಬಗ್.ಕೀಸ್ಟೋರ್’ ಎಂಬ ಫೈಲಾಗಿ ಕೂತಿರುತ್ತದೆ. ಈ ಹುಡುಗನ ಮೊಬೈಲಿನಲ್ಲಿದ್ದ ಆ್ಯಪ್ ಹರಪನಹಳ್ಳಿಯ ಗೆಳೆಯನ ಲ್ಯಾಪ್‌ಟಾಪಿನಲ್ಲಿ ತಯಾರಾದದ್ದು. ಈಗ ಕಟ್ಟಿದ್ದು ಇವನ ಹೊಸ ಲ್ಯಾಪ್‌ಟಾಪಿನಲ್ಲಿ. ಎರಡು ಕೀಲಿ, ಎರಡು ಸಹಿ. ಸ್ಟುಡಿಯೋ ಕಿತ್ತು ಹಾಕಿದ್ದರೆ ಅದೇ ಕೀಲಿ ಉಳಿಯುತ್ತಿತ್ತು, ವಿಂಡೋಸ್ ಫಾರ್ಮ್ಯಾಟ್ ಹೊಡೆದಿದ್ದರೆ ಇನ್ನೂ ಒಂದು ಮೂರನೇ ಕೀಲಿ ಹುಟ್ಟುತ್ತಿತ್ತೇ ಹೊರತು ಬಾಗಿಲು ತೆರೆಯುತ್ತಿರಲಿಲ್ಲ.

“ಮೊದ್ಲು ಲೆಕ್ಕ ಉಳಿಸ್ರಿ, ಉಳಿದದ್ದು ಆಮ್ಯಾಲ,” ಎಂದರು ಅಕ್ಕ. ಅನುಭವಿಗಳ ಮಾತು. ಯಾವ ರಿಪೇರಿಗೂ ಕೈ ಹಾಕುವ ಮೊದಲು ಇದೇ ಆಗಬೇಕು.

ಮೊಬೈಲಿಗೆ ಕೇಬಲ್ ಹಾಕಿ ಸ್ಟುಡಿಯೋದ ಡಿವೈಸ್ ಎಕ್ಸ್‌ಪ್ಲೋರರ್ ತೆರೆದೆವು. ಅಲ್ಲಿ ಆ್ಯಪಿನ ಹೆಸರಿನೊಳಗೆ ಡೇಟಾಬೇಸಸ್ ಎಂಬ ಫೋಲ್ಡರ್. ಹುಡುಗ ಮೊದಲ ಫೈಲನ್ನು ಮಾತ್ರ ಹಿಡಿದು ಉಳಿಸಲು ಹೊರಟ. ಕೈ ಹಿಡಿದೆ. ಅದೇ ಹೆಸರಿನ ಕೊನೆಗೆ ‘ವಾಲ್’, ‘ಶಮ್’ ಎಂದು ಬಾಲ ಅಂಟಿಸಿಕೊಂಡ ಇನ್ನೆರಡು ಇದ್ದವು. ಈಚೆಗೆ ಬರೆದದ್ದು ಎಷ್ಟೋ ಸಲ ಇನ್ನೂ ಆ ವಾಲ್ ಫೈಲಿನಲ್ಲೇ ಇರುತ್ತದೆ, ಮುಖ್ಯ ಫೈಲಿಗೆ ಇಳಿದಿರುವುದಿಲ್ಲ. ಮುಖ್ಯ ಫೈಲು ಒಂದನ್ನೇ ಒಯ್ದರೆ ನೋಡುವುದಕ್ಕೆ ಎಲ್ಲ ಸರಿ ಇರುತ್ತದೆ, ಹೊಸ ಹೊಸ ದಿನಗಳ ಲೆಕ್ಕ ಮಾತ್ರ ಮಾಯ. ಆ್ಯಪನ್ನು ಪೂರ್ತಿ ನಿಲ್ಲಿಸಿ ಮೂರನ್ನೂ ಒಟ್ಟಿಗೆ ತೆಗೆದಿಟ್ಟೆವು. ಅತ್ತೆಯ ಕೊನೆಯ ತೂಕ ಬಂದಿದೆಯೇ ಎಂದು ತೆರೆದು ನೋಡಿದ ಮೇಲೆಯೇ ಮುಂದಿನ ಕೆಲಸ.

ಮುಂದಿನದು ಹರಪನಹಳ್ಳಿಯ ಗೆಳೆಯನಿಗೆ ಫೋನು. ಅವನು ಹೊಲದಲ್ಲಿದ್ದ, ಮನೆಗೆ ಹೋಗಿ ಕೀಲಿಯ ಫೈಲು ಕಳಿಸುತ್ತೇನೆ ಎಂದ. ಕಾಯುವ ಹೊತ್ತಿನಲ್ಲಿ ಅಕ್ಕ ಮಂಡಕ್ಕಿ ಒಗ್ಗರಣೆ ಹಾಕಿ ತಂದರು. ಬಿಸಿ ಮೆಣಸಿನಕಾಯಿ ಬಜ್ಜಿ ಎದುರಿನ ಅಂಗಡಿಯಿಂದ ಬಂತು. ಮಾತು ಬೆಳೆಯಿತು.

ನಮ್ಮ ಸುತ್ತಲಿನ ತಾಲ್ಲೂಕುಗಳ ಹುಡುಗ ಹುಡುಗಿಯರು ಇಂಥ ಗಂಟುಗಳನ್ನು ತಂದು ತೋರಿಸುವುದುಂಟು. ಬೆಂಗಳೂರಿನ ಕಂಪನಿಯಲ್ಲಾದರೆ ಪಕ್ಕದ ಕುರ್ಚಿಯವರನ್ನು ಕರೆದು ‘ಇದೊಂದು ನೋಡ್ರಿ’ ಎಂದರೆ ಕ್ಷಣದಲ್ಲಿ ಮುಗಿಯುವ ಕೆಲಸ. ಇಲ್ಲಿ ರಾತ್ರಿಯೆಲ್ಲ ಒಬ್ಬರೇ ಒದ್ದಾಡಿ, ‘ನನಗೆ ಈ ವಿದ್ಯೆ ಹತ್ತುವುದಿಲ್ಲ’ ಎಂದು ಕೈಬಿಟ್ಟವರನ್ನು ನಾನು ಬಲ್ಲೆ. ಅವರ ಬುದ್ಧಿಗೆ ಏನೂ ಕೊರತೆ ಇರಲಿಲ್ಲ. ಪಕ್ಕದ ಕುರ್ಚಿ ಇರಲಿಲ್ಲ, ಅಷ್ಟೇ. ಅದು ನನ್ನನ್ನು ಬಹಳ ಕಾಡುತ್ತದೆ.

ಹೆಚ್ಚು ಬರುವುದು ಜಾವಾ ಜಗಳ. ಸ್ಟುಡಿಯೋದ ಒಳಗಿಂದ ಬಿಲ್ಡ್ ಆಗುತ್ತದೆ, ಕಮಾಂಡ್ ಪ್ರಾಂಪ್ಟಿನ ಕಪ್ಪು ಪರದೆಯಿಂದ ಆಗುವುದಿಲ್ಲ. ಯಾಕೆಂದರೆ ಸ್ಟುಡಿಯೋ ತನ್ನ ಜೊತೆ ತಾನೇ ಒಂದು ಜಾವಾ ತಂದುಕೊಂಡಿರುತ್ತದೆ, ಕಪ್ಪು ಪರದೆಯಾದರೋ ಹಿಂದೆಂದೋ ಹಾಕಿದ ಹಳೆಯ ಜಾವಾದ ವಿಳಾಸ ಹಿಡಿದಿರುತ್ತದೆ. ದೋಷದ ಸಾಲಿನಲ್ಲಿ 52, 55, 61, 65 ಎಂಬ ಅಂಕಿ ಕಂಡರೆ ಗಾಬರಿ ಬೇಡ. 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. 2023ರಲ್ಲಿ ಬಂದ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.0ಕ್ಕೆ ಜಾವಾ 17 ಬೇಕೇ ಬೇಕು. ಪ್ಲಗಿನ್ ಮೇಲಕ್ಕೇರಿಸಿ ಜಾವಾ ಹಳೆಯದೇ ಇಟ್ಟರೆ ನಿನ್ನೆ ಓಡಿದ್ದು ಇಂದು ಓಡುವುದಿಲ್ಲ.

ಇನ್ನೊಂದು ನಮ್ಮ ಕರೆಂಟಿನ ಕಥೆ. ಗ್ರೇಡಲ್ ಇಳಿಸಿಕೊಳ್ಳುವ ಜಿಪ್ ಫೈಲು ನೂರು ಎಂಬಿಗೂ ಹೆಚ್ಚು. ಅರ್ಧ ಇಳಿದಾಗ ಕರೆಂಟು ಹೋಗಿ ವೈಫೈ ನಿಂತರೆ, ಇಲ್ಲವೇ ಡೇಟಾ ಮುಗಿದರೆ, ಮುರುಕು ಜಿಪ್ ಅಲ್ಲೇ ಉಳಿಯುತ್ತದೆ. ಮರುದಿನ ‘ಜಿಪ್ ತೆರೆಯಲಾಗಲಿಲ್ಲ’ ಎಂಬ ದೋಷ. ಗ್ರೇಡಲ್ ಫೋಲ್ಡರಿನ ‘ರ್‍ಯಾಪರ್’ ಒಳಗಿನ ‘ಡಿಸ್ಟ್ಸ್’ಗೆ ಹೋಗಿ ಆ ಒಂದು ಆವೃತ್ತಿಯ ಫೋಲ್ಡರ್ ಅಳಿಸಿದರೆ ಸಾಕು, ಪೂರ್ತಿ ಮನೆ ಗುಡಿಸುವುದು ಬೇಡ.

ಸೀನಿಯರುಗಳ ಪ್ರಾಜೆಕ್ಟನ್ನು ಇಸಕೊಂಡು ಬಂದವರಿಗೆ ಜೆಸೆಂಟರ್ ಕಾಟ. ಬಿಲ್ಡ್‌ಗೆ ಬೇಕಾದ ತುಣುಕುಗಳನ್ನೆಲ್ಲ ಕೊಡುತ್ತಿದ್ದ ಆ ಉಗ್ರಾಣ ಮುಚ್ಚುವ ಸುದ್ದಿ 2021ರ ಫೆಬ್ರುವರಿಯಲ್ಲೇ ಬಂದಿತ್ತು. ಹಳೆಯ ಕ್ಯಾಶ್ ಇರುವ ಸೀನಿಯರ್ ಲ್ಯಾಪ್‌ಟಾಪಿನಲ್ಲಿ ಅದೇ ಪ್ರಾಜೆಕ್ಟ್ ಚೆನ್ನಾಗಿ ಓಡುತ್ತದೆ. ಹೊಸ ಯಂತ್ರದಲ್ಲಿ ಬಿಲ್ಡ್ ಮಾಡಿದಾಗ ಮಾತ್ರ ಕೆಲವು ಸಾಮಾನು ಸಿಗುವುದಿಲ್ಲ. ‘ಅಣ್ಣನ ಹತ್ರ ಓಡ್ತೈತಿ, ನನ್ನ ಹತ್ರ ಯಾಕಿಲ್ಲ’ ಎಂದು ಹುಡುಗರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಉಗ್ರಾಣದ ವಿಳಾಸವನ್ನು ಮಾವೆನ್ ಸೆಂಟ್ರಲ್‌ಗೆ ಬದಲಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ.

ನನಗೆ ಹೊಟ್ಟೆಯುರಿಸುವುದು ಕನ್ನಡದ ವಿಷಯ. ಫೋಲ್ಡರಿಗೆ ‘ಮಲ್ಲಿಗೆ’ ಎಂದು ನಮ್ಮ ಲಿಪಿಯಲ್ಲೇ ಹೆಸರಿಟ್ಟು ವಿಂಡೋಸ್‌ನಲ್ಲಿ ಆಂಡ್ರಾಯ್ಡ್ ಬಿಲ್ಡ್ ಮಾಡಹೊರಟರೆ, ದಾರಿಯಲ್ಲಿ ಆಸ್ಕಿ ಅಲ್ಲದ ಅಕ್ಷರಗಳಿವೆ, ಬಿಲ್ಡ್ ಕೆಡಬಹುದು, ಬೇರೆ ಕಡೆ ಇಡು ಎಂದು ಉಪಕರಣ ತಡೆಯುತ್ತದೆ. ‘ಆಂಡ್ರಾಯ್ಡ್.ಓವರ್‌ರೈಡ್‌ಪಾತ್‌ಚೆಕ್’ ಎಂಬ ಸಾಲು ಬರೆದು ಆ ತಡೆಯನ್ನು ದಾಟಬಹುದು, ಆದರೆ ಮುಂದೆ ಬೇರೆ ಯಾವುದೋ ಉಪಕರಣ ಎಡವುತ್ತದೆ. 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಜಾಗ ಪಡೆದ ಲಿಪಿ ನಮ್ಮದು. ಆ್ಯಪಿನ ಒಳಗೆ ಪರದೆ ತುಂಬ ಕನ್ನಡ ಹಾಕಬಹುದು, ಅದನ್ನು ಇಡುವ ಫೋಲ್ಡರಿಗೆ ಮಾತ್ರ ಇಂಗ್ಲಿಷ್ ಹೆಸರೇ ಇಡಬೇಕು ಎಂದು ಮಕ್ಕಳಿಗೆ ಹೇಳಿಕೊಡುವಾಗ ಗಂಟಲು ಕಟ್ಟುತ್ತದೆ. ಹೇಳಿಕೊಡದಿದ್ದರೆ ಅವರ ರಾತ್ರಿ ಹಾಳು.

ಅಷ್ಟರಲ್ಲಿ ಕೀಲಿ ಬಂತು. ಅದನ್ನು ಪ್ರಾಜೆಕ್ಟಿನ ಒಳಗೇ ಇಟ್ಟು, ಡಿಬಗ್ ಬಿಲ್ಡ್‌ಗೆ ಇದೇ ಕೀಲಿ ಬಳಸು ಎಂದು ಗ್ರೇಡಲ್ ಫೈಲಿನಲ್ಲಿ ಬರೆದೆವು. ಇನ್ನು ಗೆಳೆಯರಲ್ಲಿ ಯಾರ ಲ್ಯಾಪ್‌ಟಾಪಿನಲ್ಲಿ ಕಟ್ಟಿದರೂ ಸಹಿ ಒಂದೇ. ಈ ಅಭ್ಯಾಸದ ಕೀಲಿಯ ಪಾಸ್‌ವರ್ಡ್ ‘ಆಂಡ್ರಾಯ್ಡ್’ ಎಂಬುದು ಲೋಕಕ್ಕೆಲ್ಲ ಗೊತ್ತು, ಹಂಚಿಕೊಂಡರೆ ನಷ್ಟವಿಲ್ಲ. ನಾಳೆ ಪ್ಲೇ ಸ್ಟೋರಿಗೆ ಹಾಕುವ ನಿಜವಾದ ಕೀಲಿಯನ್ನು ಮಾತ್ರ ಹೀಗೆ ವಾಟ್ಸ್ಆ್ಯಪಿನಲ್ಲಿ ಕಳಿಸಬಾರದು ಎಂದು ಇಬ್ಬರಿಗೂ ಒತ್ತಿ ಹೇಳಿದೆ.

ರನ್ ಒತ್ತಿದ. ಈ ಸಲ ಏನೂ ಕೇಳಲಿಲ್ಲ, ಆ್ಯಪ್ ಒಳಗೆ ಹೋಯಿತು. ಹುಡುಗನ ಮುಖ ಅರಳಿತು, ಮರುಕ್ಷಣವೇ ಬಾಡಿತು. ತೆರೆದ ಕೂಡಲೇ ಆ್ಯಪ್ ಮುಚ್ಚಿಕೊಂಡಿತು.

“ಈಗ ಕೆಂಪಕ್ಷರ ನೀನೇ ಓದು,” ಅಂದೆ.

ಓದಿದ, ನಿಧಾನವಾಗಿ, ಗಟ್ಟಿಯಾಗಿ. ದತ್ತಾಂಶದ ರಚನೆ ಬದಲಿಸಿದ್ದೀರಿ, ಆವೃತ್ತಿಯ ಸಂಖ್ಯೆ ಏರಿಸುವುದು ಮರೆತಿದ್ದೀರಿ ಅನ್ನಿಸುತ್ತದೆ ಎಂಬ ಅರ್ಥದ ಸಾಲು. ಹಳೆಯದನ್ನೇ ಓಡಿಸುತ್ತಿದ್ದ ದಿನಗಳಲ್ಲಿ ಹುಡುಗ ಕೋಷ್ಟಕಕ್ಕೆ ‘ಬಾಕಿ’ ಎಂಬ ಹೊಸ ಕಾಲಂ ಸೇರಿಸಿದ್ದ. ಲೆಕ್ಕ ಇಡುವ ರೂಮ್ ಎಂಬ ಲೈಬ್ರರಿ ಕೋಷ್ಟಕಗಳ ರಚನೆಯ ಗುರುತೊಂದನ್ನು ಡೇಟಾಬೇಸಿನ ಒಳಗೇ ಬರೆದಿಟ್ಟುಕೊಂಡಿರುತ್ತದೆ. ಹೊಸ ಆ್ಯಪ್ ಬಂದು ತಾಳೆ ನೋಡಿದಾಗ ಹೊಂದಲಿಲ್ಲ, ಲೆಕ್ಕ ಕೆಡಿಸುವ ಬದಲು ಬಾಗಿಲು ಹಾಕಿಕೊಂಡಿತು. ಒಳ್ಳೆಯ ನಡತೆ.

“ಇದಕ್ಕ ಉತ್ತರ ನನಗೆ ಗೊತ್ತೈತ್ರಿ,” ಎಂದು ಹುಡುಗ ಫೋನಿನಲ್ಲಿ ಹುಡುಕಿ ಒಂದು ಸಾಲು ತೋರಿಸಿದ. ‘ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಶನ್.’ ಅದನ್ನು ಸೇರಿಸಿ ಆವೃತ್ತಿ ಏರಿಸಿದರೆ ದೋಷ ನಿಜಕ್ಕೂ ಹೋಗುತ್ತದೆ. ಪಾಠದ ವಿಡಿಯೋಗಳಲ್ಲೂ ಇದನ್ನೇ ಹೇಳಿಕೊಡುವವರಿದ್ದಾರೆ. ಆ ಸಾಲು ಮಾಡುವುದಿಷ್ಟೇ: ಹಳೆಯ ಕೋಷ್ಟಕಗಳನ್ನೆಲ್ಲ ಅಳಿಸಿ ಖಾಲಿಯಾಗಿ ಹೊಸದು ಕಟ್ಟುವುದು. ಪಾಠದ ಆ್ಯಪಿನಲ್ಲಿ ‘ಟೆಸ್ಟ್ 1’, ‘ಟೆಸ್ಟ್ 2’ ಎಂಬ ಹೆಸರುಗಳು ಹೋದರೆ ಅಳುವವರಿಲ್ಲ. ಇಲ್ಲಿ ಹೋಗುವುದು ಕತ್ತಲಲ್ಲಿ ಎದ್ದು ಮೊಗ್ಗು ಬಿಡಿಸಿದ ಹೆಣ್ಣುಮಕ್ಕಳ ಕೂಲಿ. ಡಿಸ್ಟ್ರಕ್ಟಿವ್ ಎಂದರೇನು ಎಂದು ಕೇಳಿದೆ. ಹುಡುಗ ಫೋನನ್ನು ಬೋರಲು ಹಾಕಿ ಗೋಡೆಯ ಮೇಲಿಟ್ಟ.

ಮೈಗ್ರೇಶನ್ ಬರೆಯಲು ಕೂತ. ಆವೃತ್ತಿ ಒಂದರಿಂದ ಎರಡಕ್ಕೆ. ಇರುವ ಕೋಷ್ಟಕಕ್ಕೆ ‘ಬಾಕಿ’ ಕಾಲಂ ಸೇರಿಸು, ಹಳೆಯ ಸಾಲುಗಳಲ್ಲಿ ಅದಕ್ಕೆ ಸೊನ್ನೆ ಇಡು. ಇಷ್ಟೇ ಒಂದು ಆಜ್ಞೆ. ಸೊನ್ನೆಯ ಮಾತನ್ನು ಮೊದಲ ಸಲ ಬಿಟ್ಟಿದ್ದ, ಮತ್ತೆ ಕೆಂಪಕ್ಷರ ಬಂತು, ಈ ಸಲ ನನ್ನ ಕಡೆ ನೋಡದೆ ತಾನೇ ಓದಿ ತಿದ್ದಿಕೊಂಡ. ಆ್ಯಪ್ ತೆರೆಯಿತು. ಮೇಲೆ ‘ಹೂವಿನ ಲೆಕ್ಕ ಎರಡು’. ಕೆಳಗೆ ಬೇಸಿಗೆಯಿಂದ ಹಾಕಿದ ತೂಕಗಳು ಒಂದೂ ಬಿಡದೆ ಇದ್ದವು. ಬಾಕಿ ಕೂಡಿಸುವ ಸಾಲಿನಲ್ಲಿ ಕೆಂಪು ಚುಕ್ಕೆಯೊಳಗೆ ಸಣ್ಣ ಸರಿ ಗುರುತು ಮೂಡಿ, ಡಿಬಗ್ಗರ್ ಅಲ್ಲೇ ನಿಂತಿತು.

ಅಕ್ಕ ಗೋಡೆಯ ಮೇಲಿಂದ ಬಗ್ಗಿ ಮೊಬೈಲು ನೋಡಿದರು.

“ಬರೇ ಕೆ.ಜಿ. ಲೆಕ್ಕ ಐತಲ್ಲೋ. ನಿಮ್ಮತ್ತಿ ಹಬ್ಬದಾಗ ಹೂವು ಕಟ್ಟಿ ಮಾರಿನ ಲೆಕ್ಕದಾಗನೂ ಕೊಡ್ತಾಳ. ಅದನ್ನೆಲ್ಲಿ ಬರಿಬೇಕು?”

“ಅದಕ್ಕ ಇನ್ನೊಂದು ಕಾಲಂ ಹಾಕ್ತೀನಬೇ,” ಎಂದ ಹುಡುಗ, “ಎರಡರಿಂದ ಮೂರಕ್ಕ ಇನ್ನೊಂದು ಮೈಗ್ರೇಶನ್ ಆಗ್ತೈತಿ. ಮೊದ್ಲು ಈ ಮೂರು ಫೈಲು ಪೆನ್‌ಡ್ರೈವಿಗೆ ಹಾಕ್ಕೊಂತೀನಿ ತಡಿ.”